ಹೆಸರಿನ ಮೊದಲಕ್ಷರದಲ್ಲಿರುವ ಊರು

ಅರಕಲಗೂಡಿನಿಂದ ರಾಮನಾಥಪುರದ ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ ರುದ್ರಪಟ್ಟಣಕ್ಕೆ ಬಂದಿಳಿದಾಗ ಬಿಸಿಲು ಆಗತಾನೇ ಏರುತ್ತಿತ್ತು. ದಾರಿಯಲ್ಲಿ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಊರು ಹತ್ತಿರವಾದಂತೆ ತೆಂಗು, ಅಡಿಕೆ. ಮರಗಳ ಸಂದಿಯಲ್ಲಿ ಕಾವೇರಿ. ಕೊಡಗಿನ ಬೆಟ್ಟ ಇಳಿದು ಬಂದ ಹೊಳೆ, ಇಲ್ಲಿ ಆತುರವಿಲ್ಲದೆ ಹರಿಯುತ್ತದೆ.

ಕರ್ನಾಟಕ ಸಂಗೀತ ಕೇಳುವವರೆಲ್ಲ ಈ ಊರಿನ ಹೆಸರನ್ನು ಗೊತ್ತಿಲ್ಲದೆಯೇ ಹೇಳುತ್ತಿರುತ್ತಾರೆ. ಆರ್.ಕೆ. ಶ್ರೀಕಂಠನ್ ಎನ್ನುವಾಗಿನ ‘ಆರ್’ ರುದ್ರಪಟ್ಟಣವೇ. 1920ರಲ್ಲಿ ಇಲ್ಲಿ ಹುಟ್ಟಿದ ಅವರು ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. 2011ರಲ್ಲಿ ಪದ್ಮಭೂಷಣ ಬಂತು. ಏಳು ತಂತಿಯ ಪಿಟೀಲಿನ ಆರ್.ಆರ್. ಕೇಶವಮೂರ್ತಿ, ರುದ್ರಪಟ್ಟಣಂ ಸಹೋದರರೆಂದೇ ಹೆಸರಾದ ತ್ಯಾಗರಾಜನ್–ತಾರಾನಾಥನ್, ಆರ್.ಕೆ. ಪದ್ಮನಾಭ, ಎಲ್ಲರ ಬೇರೂ ಇದೇ ಮಣ್ಣಿನಲ್ಲಿ. ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ಕಂಠಗಳೇ ಎಂದು ಬೆರಗಾಗುತ್ತದೆ.

ತಮಿಳುನಾಡಿನ ಸೆಂಗೋಟೆಯ ಕಡೆಯಿಂದ ನೂರಾರು ವರ್ಷಗಳ ಹಿಂದೆ ಹೊರಟುಬಂದ ಸಂಕೇತಿ ಸಮುದಾಯದವರು ಇಲ್ಲಿ ನೆಲೆ ನಿಂತರು. ತೋಟ, ವೇದ, ಸಂಗೀತ ಮೂರನ್ನೂ ಒಂದೇ ಮನೆಯಲ್ಲಿ ಸಾಕಿದವರು. ತುಂಗಾ ತೀರದ ಮತ್ತೂರಿನಲ್ಲೂ ಇದೇ ಬಳಗ.

ಊರಲ್ಲಿ ಕಣ್ಣಿಗೆ ಬೀಳುವುದು ತಂಬೂರಿಯ ಆಕಾರದ ಸಪ್ತಸ್ವರ ಧ್ಯಾನಮಂದಿರ. ಕಟ್ಟಿಸಿದವರು ಪದ್ಮನಾಭ ಅವರು. ಸರಸ್ವತಿಯ ಜೊತೆಗೆ ಪುರಂದರ, ಕನಕ, ವಾದಿರಾಜ, ಸಂಗೀತ ತ್ರಿಮೂರ್ತಿಗಳು ಇಲ್ಲಿ ಪೂಜೆಗೊಳ್ಳುತ್ತಾರೆ. ಕನಕದಾಸರೂ ತ್ಯಾಗರಾಜರೂ ಒಂದೇ ಸೂರಿನಡಿ ಕೂತಿರುವುದು ನನಗೆ ತುಂಬ ಹಿಡಿಸಿತು.

ಆದರೆ ನಾನು ಹೆಚ್ಚು ಹೊತ್ತು ಕಳೆದದ್ದು ಬೀದಿಯ ಒಂದು ಜಗಲಿಯ ಮೇಲೆ. “ಬನ್ನಿ, ಕೂತ್ಕೊಳಿ, ಬಿಸಿಲಲ್ಲಿ ಬಂದಿದೀರಿ” ಎಂದ ಯಜಮಾನರು ಒಳಗೆ ತಿರುಗಿ ಸಂಕೇತಿಯಲ್ಲಿ ಏನೋ ಕೂಗಿದರು. ತಮಿಳು, ಮಲೆಯಾಳ, ಕನ್ನಡ ಮೂರೂ ಕಲೆತು ಕಿವಿಗೆ ಬಿತ್ತು, ಮಜ್ಜಿಗೆ ಬಂತು.

“ಆಗೆಲ್ಲ ಹುಡುಗರು ಸರಳೆ ಹೇಳ್ತಾ ಸ್ವರ ತಪ್ಪಿದ್ರೆ ಎದುರುಮನೆಯಿಂದ ಕೂಗಿ ತಿದ್ದೋರು ಸ್ವಾಮಿ. ಮೇಷ್ಟ್ರು ಒಬ್ಬರಲ್ಲ, ಇಡೀ ಬೀದಿ.”

ಈಗ ಆ ಬೀದಿಯಲ್ಲಿ ಬೀಗ ಬಿದ್ದ ಬಾಗಿಲುಗಳೇ ಕಾಣುತ್ತವೆ. ಮೈಸೂರು, ಬೆಂಗಳೂರಿಗೆ ಹೋದವರು ಊರಿನ ಸಂಗೀತೋತ್ಸವಕ್ಕೆ ಬಂದು ಮತ್ತೆ ಹೊರಡುತ್ತಾರೆ. ಇದು ನನ್ನನ್ನು ಕಲಕಿತು. ವರ್ಷಕ್ಕೊಮ್ಮೆ ಹಾಡು ತುಂಬಿದರೆ ಸಾಲದು. ಎದುರುಮನೆಯಲ್ಲಿ ಕೇಳಿಸಿಕೊಳ್ಳುವ ಕಿವಿ ಇರಬೇಕು.

ಯಜಮಾನರು ಗೂಡಿನಿಂದ ಬೀಗದ ಕೈಗಳ ಗೊಂಚಲು ತೆಗೆದರು. ಅಕ್ಕಪಕ್ಕದ ನಾಲ್ಕು ಮನೆಯವು, ಗುರುತಿಗೆ ಬೇರೆ ಬೇರೆ ಬಣ್ಣದ ದಾರ. ಕೆಂಪು ದಾರದ್ದನ್ನು ಹುಡುಕಿ ಪಕ್ಕದ ಮನೆ ತೆರೆದರು. ನಡುಮನೆಯ ಮೂಲೆಯಲ್ಲಿ, ಗಾರೆ ನೆಲದ ಮೇಲೆ ಅಂಗೈಯಗಲದ ಒಂದು ನುಣುಪು. ಅದರ ನೇರಕ್ಕೆ ಸುಣ್ಣದ ಗೋಡೆಯ ಮೇಲೆ ಎದೆಯೆತ್ತರದಲ್ಲಿ ಸವೆದ ಗೆರೆ. ತಂಬೂರಿ ಒರಗಿಸುತ್ತಿದ್ದ ಜಾಗ. “ಸುಣ್ಣ ಹೊಡೆಸುವಾಗ ಇಷ್ಟನ್ನ ಮಾತ್ರ ಬಿಡಿಸ್ತೀನಿ” ಎಂದರು.