ನಿಮಗಿದು ಗೊತ್ತೇ? ಕೈಕೈ ಹಿಡಿದು ಕುಣಿಯುವ ಗ್ರೀಕ್ ಹೆಂಗಸರು

● ಮೈ ಗಟ್ಟಿಯಾಗಲೆಂದು ಹೆಣ್ಣುಮಕ್ಕಳು ಕುಣಿಯುವುದು ಗ್ರೀಸಿನಲ್ಲಿ ಬಹಳ ಹಳೆಯ ಸಂಗತಿ. ಕ್ರಿ.ಪೂ. 411ರ 'ಲೈಸಿಸ್ಟ್ರಾಟ' ನಾಟಕದಲ್ಲಿ ಸ್ಪಾರ್ಟಾದ ಲ್ಯಾಂಪಿಟೊ ಎಂಬಾಕೆಯ ಕಟ್ಟುಮಸ್ತಾದ ಮೈ ನೋಡಿ ಅಥೆನ್ಸಿನ ಹೆಂಗಸರು ಬೆರಗಾಗುತ್ತಾರೆ. ಕಸರತ್ತು ಮಾಡುತ್ತೇನೆ, ಹಿಮ್ಮಡಿ ಹಿಂಬದಿಗೆ ತಾಗುವಂತೆ ಜಿಗಿಯುತ್ತೇನೆ ಎಂದು ಅವಳು ಗುಟ್ಟು ಬಿಡುತ್ತಾಳೆ. ಈ ಕುಪ್ಪಳಿಕೆಯ ಕುಣಿತಕ್ಕೆ 'ಬಿಬಾಸಿಸ್' ಎಂದು ಹೆಸರು. ಹುಡುಗರಿಗೂ ಹುಡುಗಿಯರಿಗೂ ಇದರಲ್ಲಿ ಪಂದ್ಯ ನಡೆಯುತ್ತಿತ್ತು. ಒಬ್ಬ ಹುಡುಗಿ ಸಾವಿರ ಸಲ ಜಿಗಿದು ಎಲ್ಲರನ್ನೂ ಮೀರಿಸಿದಳೆಂದು ಹೊಗಳುವ ಪದ್ಯವೊಂದಿತ್ತೆಂದು ಕ್ರಿ.ಶ. ಎರಡನೇ ಶತಮಾನದ ಗ್ರೀಕ್ ವಿದ್ವಾಂಸ ಪೊಲಕ್ಸ್ ಬರೆದಿಟ್ಟಿದ್ದಾನೆ.

● ಸಾಕ್ರಟೀಸನಿಗೂ ಕುಣಿತದ ಗೀಳಿತ್ತು. ಓಟಗಾರನಿಗೆ ಕಾಲು ದಪ್ಪ, ಹೆಗಲು ಸಣ್ಣ. ಮುಷ್ಟಿಕಾಳಗದವನಿಗೆ ಅದರ ತಿರುವುಮುರುವು. ಕುಣಿದರೆ ಮಾತ್ರ ಇಡೀ ಮೈಗೆ ಸಮನಾದ ಕೆಲಸ ಎಂದು ಅವನು ವಾದಿಸಿದ್ದನ್ನು ಅವನ ಶಿಷ್ಯ ಕ್ಸೆನೊಫೋನ್ ದಾಖಲಿಸಿದ್ದಾನೆ.

● ಇಂದು ಗ್ರೀಸಿನ ಮದುವೆಗಳಲ್ಲಿ, ಜಾತ್ರೆಗಳಲ್ಲಿ ತಪ್ಪದೆ ಕಾಣುವ ಕುಣಿತ ಕಲಮಾಟಿಯಾನೋಸ್. ದಕ್ಷಿಣದ ಕಲಮಾಟ ಊರಿನ ಹೆಸರು ಅದಕ್ಕೆ ಅಂಟಿದೆ. ಹನ್ನೆರಡು ಹೆಜ್ಜೆ. ತಾಳ ಏಳರ ಎಣಿಕೆ: ಮೂರು, ಎರಡು, ಎರಡು. ನಮ್ಮ ಮಿಶ್ರಚಾಪು ಹಾಕಿ ಅಭ್ಯಾಸವಿರುವವರಿಗೆ ಕಾಲು ಬೇಗ ಕೂಡಿಬಂದೀತು.

● ಕುಣಿಯುವವರ ಸಾಲು ಹೆಚ್ಚಾಗಿ ಸಾಗುವುದು ಬಲಕ್ಕೆ, ಗಡಿಯಾರದ ಮುಳ್ಳಿಗೆ ಎದುರಾಗಿ. ಆರೋಗ್ಯದ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ದಿನವಿಡೀ ನಾವು ನಡೆಯುವುದು ಮುಂದಕ್ಕೆ. ಪಕ್ಕಕ್ಕೆ ಹೆಜ್ಜೆ ಇಡುವ ಸಂದರ್ಭವೇ ಕಡಿಮೆ. ಒಂಟಿ ಕಾಲಿನಲ್ಲಿ ನಿಂತಾಗ ಸೊಂಟ ವಾಲದಂತೆ ಹಿಡಿಯುವ ಪಕ್ಕದ ಸ್ನಾಯುಗಳಿಗೆ ಇಂಥ ಅಡ್ಡ ಹೆಜ್ಜೆಯಿಂದ ಚೆನ್ನಾಗಿ ಕೆಲಸ ಸಿಗುತ್ತದೆ. ವಯಸ್ಸಾದವರು ಪಕ್ಕಕ್ಕೆ ಬಿದ್ದಾಗಲೇ ಸೊಂಟದ ಮೂಳೆ ಮುರಿಯುವ ಭಯ ಹೆಚ್ಚು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ಹೆಂಗಸರ ಮೂಳೆ ಬೇಗ ಸವೆಯುವುದರಿಂದ ಬೀಳದೆ ಇರುವುದೇ ಅವರಿಗೆ ದೊಡ್ಡ ಆರೋಗ್ಯ.

● ಇದು ಬರೀ ಊಹೆಯ ಮಾತೇ? 2009ರಲ್ಲಿ ಪ್ರಕಟವಾದ ಥೆಸಲೊನಿಕಿಯ ಸಂಶೋಧಕರ ಅಧ್ಯಯನವೊಂದನ್ನು ನೋಡಿ. 26 ಮಂದಿ ಹಿರಿಯರನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಹತ್ತು ವಾರ ಜನಪದ ಕುಣಿತ ಕಲಿಸಿದರು. ಒಂಟಿ ಕಾಲಿನಲ್ಲಿ ನಿಲ್ಲಿಸಿದಾಗ ಕುಣಿದವರ ಮೈ ಮೊದಲಿಗಿಂತ ಕಡಿಮೆ ತೂಗಾಡಿತು. ಗುಂಪು ಚಿಕ್ಕದು, ನಿಜ.

● 2019ರ ಇನ್ನೊಂದು ಅಧ್ಯಯನ ದೊಡ್ಡದು. ಅರವತ್ತು ದಾಟಿದ 130 ಮಂದಿ. ಅವರಲ್ಲಿ 111 ಮಂದಿ ಹೆಂಗಸರು. ವಾರಕ್ಕೆ ಎರಡು ದಿನ, ದಿನಕ್ಕೆ 75 ನಿಮಿಷ, ಒಟ್ಟು 32 ವಾರ ಕುಣಿತ. ಕಾಲಿನ ಬಲ, ಸಮತೋಲ, ದಮ್ಮು ಎಲ್ಲ ಸುಧಾರಿಸಿತು. ಎರಡು ದಿನದ ಲೆಕ್ಕ ಕೂಡಿಸಿ: 150 ನಿಮಿಷ. ವಯಸ್ಕರಿಗೆ ವಾರಕ್ಕೆ ಇಷ್ಟಾದರೂ ಮಧ್ಯಮ ಬಿರುಸಿನ ಚಟುವಟಿಕೆ ಬೇಕೆಂದೇ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

● ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 27 ಹೆಂಗಸರನ್ನು ಕುರಿತ ಗ್ರೀಕ್ ಅಧ್ಯಯನವೊಂದು 2011ರಲ್ಲಿ ಬಂತು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ 24 ವಾರ, ವಾರಕ್ಕೆ ಮೂರು ಸಲ ಕುಣಿದರು. ಈ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಆ ಕಡೆಯ ತೋಳು ಬಾತುಕೊಳ್ಳುವ ತೊಂದರೆ ಇರುತ್ತದೆ. ಕುಣಿದವರಲ್ಲಿ ತೋಳಿನ ಗಾತ್ರ ಇಳಿಯಿತು, ಹಿಡಿತದ ಬಲ ಏರಿತು, ನಡೆಯುವ ಶಕ್ತಿ ಹೆಚ್ಚಿತು, ಖಿನ್ನತೆಯೂ ತಗ್ಗಿತು. ಆದರೆ ಕುಣಿತದ ಜೊತೆಗೆ ತೋಳು-ಭುಜದ ವ್ಯಾಯಾಮವನ್ನೂ ಮಾಡಿಸಿದ್ದರು. ಎಲ್ಲ ಪುಣ್ಯವನ್ನೂ ಕುಣಿತಕ್ಕೇ ಕಟ್ಟುವಂತಿಲ್ಲ.

● ಹೃದಯ ದುರ್ಬಲವಾದವರಿಗೆ ಎಂಟು ತಿಂಗಳು ಕುಣಿತ ಕಲಿಸಿದಾಗ ಸಾಮಾನ್ಯ ವ್ಯಾಯಾಮದಷ್ಟೇ ಲಾಭ ಕಂಡಿತೆಂಬ ಇನ್ನೊಂದು ಸಂಗತಿ ಇದೆ. ಅದರಲ್ಲಿದ್ದ 51 ಮಂದಿಯೂ ಗಂಡಸರು! ಹೀಗಾಗಿ ಅದನ್ನು ಹೆಂಗಸರ ಖಾತೆಗೆ ಜಮಾ ಮಾಡುವುದು ಸರಿಯಲ್ಲ.

● ಅಥೆನ್ಸ್ ಹತ್ತಿರದ ಮೆಗಾರದಲ್ಲಿ ಈಸ್ಟರ್ ಮುಗಿದ ಮಂಗಳವಾರ ಹೆಂಗಸರು 'ತ್ರಾತಾ' ಕುಣಿಯುತ್ತಾರೆ. ಪಕ್ಕದವಳನ್ನು ದಾಟಿ ಅವಳಾಚೆಗಿನವಳ ಕೈ ಹಿಡಿಯಬೇಕು. ಬುಟ್ಟಿಯ ಹೆಣಿಗೆಯ ಹಾಗೆ ತೋಳುಗಳು ಒಂದರ ಮೇಲೊಂದು ಸೇರುತ್ತವೆ. ಅಷ್ಟು ಒತ್ತಾಗಿ ನಿಂತಾಗ ಒಬ್ಬಳು ಮುಗ್ಗರಿಸಿದರೂ ಎರಡು ಕಡೆಯವರು ಹಿಡಿದಿರುತ್ತಾರೆ. ಒಬ್ಬರೇ ಮಾಡುವ ಯಾವ ವ್ಯಾಯಾಮದಲ್ಲಿ ಈ ಅನುಕೂಲವಿದೆ?

● ಬೇರೆ ಕೆಲವು ಕುಣಿತಗಳಲ್ಲಿ ಮೊಣಕೈ ಮಡಿಸಿ, ಹಿಡಿದ ಕೈಯನ್ನು ಹೆಗಲ ಮಟ್ಟಕ್ಕೆ ಎತ್ತಿಕೊಂಡೇ ಇರಬೇಕು. ಎರಡು ಹಾಡು ಮುಗಿಯುವಷ್ಟರಲ್ಲಿ ಭುಜಕ್ಕೆ ಅದರ ಬಿಸಿ ತಟ್ಟುತ್ತದೆ.

● ತ್ಸಾಮಿಕೋಸ್ ಕುಣಿತದ ಎತ್ತರದ ನೆಗೆತಗಳು ಹೆಚ್ಚಾಗಿ ಸಾಲಿನ ಮುಂದಾಳಿನವು. ಅವನ ಕರವಸ್ತ್ರದ ತುದಿ ಹಿಡಿದ ಎರಡನೆಯವರು ಅವನಿಗೆ ಆಸರೆ. ಉಳಿದವರು ಸಮಾಧಾನವಾಗಿ ಹೆಜ್ಜೆ ಹಾಕುತ್ತಾ ಹೋಗಬಹುದು. ಅಜ್ಜಿ ಮೊಮ್ಮಗಳು ಒಂದೇ ಸಾಲಿನಲ್ಲಿ ಕುಣಿಯಲು ಸಾಧ್ಯವಾಗುವುದು ಹೀಗೆ. ಕ್ರೀಟ್ ದ್ವೀಪದ ಪೆಂತೊಜಾಲಿ ಮಾತ್ರ ಬಲು ಬಿರುಸು. ಎದೆಬಡಿತ ಏರಿಸಬೇಕೆನ್ನುವ ಗಟ್ಟಿಗರಿಗೆ ಅದು.

● ಈ ಕುಣಿತಗಳನ್ನು ಉಳಿಸಿದವರಲ್ಲೂ ಹೆಂಗಸರದೇ ಮೇಲುಗೈ. 1887ರಲ್ಲೇ ಮಹಿಳಾ ಪತ್ರಿಕೆ ಹೊರಡಿಸಿದ ಕಲಿರೊಯಿ ಪಾರೆನ್ ಮುಂದೆ 1911ರಲ್ಲಿ ಗ್ರೀಕ್ ಮಹಿಳೆಯರ ಲೈಸಿಯಂ ಎಂಬ ಸಂಸ್ಥೆ ಕಟ್ಟಿದರು; ಇಂದಿಗೂ ಅಲ್ಲಿ ಕುಣಿತ ಕಲಿಸುತ್ತಾರೆ. ಡೋರಾ ಸ್ಟ್ರಾಟೂ 1953ರಲ್ಲಿ ಕಟ್ಟಿದ ತಂಡಕ್ಕೆ ಅಥೆನ್ಸಿನ ಫಿಲೊಪಾಪು ಗುಡ್ಡದಲ್ಲಿ ಸ್ವಂತ ಬಯಲು ರಂಗಮಂದಿರವಿದೆ.

● 'ಸಿರ್ತಾಕಿ' ನೋಡಿ ಅದೇ ಗ್ರೀಕರ ಪುರಾತನ ಕುಣಿತವೆಂದುಕೊಂಡಿರಾ? ಅದು ಹುಟ್ಟಿದ್ದು 1964ರಲ್ಲಿ, 'ಜೋರ್ಬಾ ದ ಗ್ರೀಕ್' ಸಿನಿಮಾಕ್ಕಾಗಿ.

● ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲ ಮತ್ತು ಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಗ್ರೀಕರು ಬಹಳ ಮಂದಿ ನೆಲೆಸಿರುವ ಮೆಲ್ಬರ್ನ್‌ನಂಥ ಊರಿನಲ್ಲಿರುವ ಕನ್ನಡತಿಯರೇ, ಅಲ್ಲಿನ ಕುಣಿತದ ತರಗತಿಗೊಮ್ಮೆ ಹೋಗಿಬನ್ನಿ. ಮೊಣಕಾಲು ನೋವಿದ್ದರೆ, ಮೂಳೆ ಸವೆದಿದ್ದರೆ ಮೊದಲು ವೈದ್ಯರನ್ನು ಕೇಳಿ. ಸಿಮೆಂಟು ನೆಲವಾದರೆ ಮೆತ್ತನೆಯ ಅಡಿಯ ಷೂ ಹಾಕಿಕೊಳ್ಳಿ. ನೆಗೆತ ಬೇಡ. ಮೊದಲ ದಿನ ಸಾಲಿನ ತುದಿಯಲ್ಲಿ ನಿಲ್ಲದೆ, ಹೆಜ್ಜೆ ಬಲ್ಲ ಇಬ್ಬರ ನಡುವೆ ಜಾಗ ಕೇಳಿಕೊಳ್ಳಿ.