ಅಂಚಿನ ಗಣಿತ: ಛಾಯಾಚಿತ್ರದ ಮೇಲೆ ವೆಕ್ಟರ್ ರೇಖೆ

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯು ಕ್ರಿ.ಶ. 1367ರಲ್ಲಿ, ಬಹಮನಿ ಅರಸರ ಕಾಲದಲ್ಲಿ, ನಿರ್ಮಾಣಗೊಂಡಿದ್ದು, ಅಂಗಳವನ್ನೂ ಬಿಡದೆ ಇಡೀ ಕಟ್ಟಡಕ್ಕೆ ಚಾವಣಿ ಹೊದಿಸಿರುವುದರಿಂದಲೂ ಗಿಡ್ಡ ಆಧಾರಗಳಿಂದಲೇ ಎದ್ದು ಅಗಲವಾಗಿ ಬಾಗುವ ಕಮಾನುಗಳಿಂದಲೂ ವಾಸ್ತುಶಿಲ್ಪದ ಚರಿತ್ರೆಯಲ್ಲಿ ವಿಶೇಷ ಸ್ಥಾನ ಪಡೆದಿದೆ. ಆ ಕಮಾನುಗಳಲ್ಲೊಂದರ ಛಾಯಾಚಿತ್ರವನ್ನು ಫೋಟೊಶಾಪ್ ಅಥವಾ ಜಿಂಪ್‌ನಂತಹ ತಂತ್ರಾಂಶದಲ್ಲಿ ತೆರೆದು, ಅದರ ಅಂಚನ್ನು ಮಾತ್ರ ಗೆರೆಯಾಗಿ ಬಿಡಿಸಿಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವ ಸಂಗತಿಯೆಂದರೆ, ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಾಣುವ ಆ ಅಂಚು ಕಡತದೊಳಗೆ ಎಲ್ಲಿಯೂ ಗೆರೆಯಾಗಿ ಇಲ್ಲ ಎಂಬುದು. ಕಡತದಲ್ಲಿರುವುದು ಪಿಕ್ಸೆಲ್‌ಗಳೆಂಬ ಪುಟ್ಟ ಚೌಕಗಳ ಸಾಲುಗಳು ಮತ್ತು ಒಂದೊಂದು ಚೌಕಕ್ಕೂ ಗೊತ್ತುಪಡಿಸಿದ ಬಣ್ಣದ ಅಂಕಿಗಳು ಮಾತ್ರ. ಗೋಡೆಯ ಬಿಳುಪು ಮುಗಿದು ಆಚೆಯ ನೆರಳು ಆರಂಭವಾಗುವ ಎಡೆಯಲ್ಲಿ ಎರಡೋ ಮೂರೋ ಪಿಕ್ಸೆಲ್‌ಗಳು ನಡುವಣ ಬೂದು ಛಾಯೆಯನ್ನು ತಾಳಿರುತ್ತವೆ. ಆ ಬೂದು ಪಟ್ಟಿಯೊಳಗೆ ಅಂಚು ಯಾವ ಜಾಗದಲ್ಲಿ ಹಾದುಹೋಗುತ್ತದೆಂದು ತೀರ್ಮಾನಿಸುವವರು ಗೆರೆ ಎಳೆಯುವವರೇ.

ವೆಕ್ಟರ್ ರೇಖೆಯ ಬಗೆ ಇದಕ್ಕಿಂತ ಭಿನ್ನವಾದುದು. ಅದು ಬಣ್ಣದ ಚೌಕಗಳನ್ನು ಕೂಡಿಸಿಡದೆ, ಗೆರೆ ಯಾವ ಬಿಂದುವಿನಿಂದ ಹೊರಟು ಯಾವ ದಿಕ್ಕಿಗೆ ಬಾಗಿ ಯಾವ ಬಿಂದುವನ್ನು ಸೇರುತ್ತದೆ ಎಂಬ ಲೆಕ್ಕವನ್ನಷ್ಟೇ ಇಟ್ಟುಕೊಳ್ಳುತ್ತದೆ. ಆದುದರಿಂದ ಅದೇ ರೇಖೆಯನ್ನು ಅಂಚೆಚೀಟಿಯಷ್ಟು ಕುಗ್ಗಿಸಿದರೂ ರಸ್ತೆಬದಿಯ ಫಲಕದಷ್ಟು ಹಿಗ್ಗಿಸಿದರೂ ಅಂಚು ಮೆಟ್ಟಿಲುಮೆಟ್ಟಿಲಾಗಿ ಒಡೆಯುವುದಿಲ್ಲ. ಈ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೋಎನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ 1959ರಲ್ಲಿಯೇ ಇದನ್ನು ರೂಪಿಸಿದರೂ ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. 1960ರ ದಶಕದಲ್ಲಿ ರೆನೋ ಕಂಪನಿಯ ಪಿಯೆರ್ ಬೆಜಿಯೆ ಸ್ವತಂತ್ರವಾಗಿ ಅದೇ ವಕ್ರರೇಖೆಗಳನ್ನು ತಲುಪಿ ಪ್ರಕಟಿಸಿದ್ದರಿಂದ ಅವು ಬೆಜಿಯೆ ರೇಖೆಗಳೆಂದೇ ಹೆಸರಾದವು. ಅಡೋಬಿ ಸಂಸ್ಥೆಯು ತನ್ನ ಪೋಸ್ಟ್‌ಸ್ಕ್ರಿಪ್ಟ್ ಮುದ್ರಣ ಭಾಷೆಯಲ್ಲಿ ಇವುಗಳನ್ನು ಅಳವಡಿಸಿತು. 1987ರಲ್ಲಿ ಇಲಸ್ಟ್ರೇಟರ್ ಮೂಲಕ ಚಿತ್ರಕಾರರ ಕೈಗೆ ಬಂದ, ಈ ರೇಖೆಗಳನ್ನು ಎಳೆಯುವ ಪೆನ್ ಟೂಲ್, 1991ರಲ್ಲಿ ಫೋಟೊಶಾಪ್‌ನ ಎರಡನೆಯ ಆವೃತ್ತಿಯನ್ನೂ ಸೇರಿತು.

ಬೆಜಿಯೆ ರೇಖೆಯ ಒಂದು ತುಂಡಿಗೆ ನಾಲ್ಕು ಬಿಂದುಗಳು ಬೇಕು. ಮೊದಲನೆಯದೂ ಕೊನೆಯದೂ ಆಂಕರ್ ಪಾಯಿಂಟ್‌ಗಳು, ಅಂದರೆ ರೇಖೆ ತಪ್ಪದೆ ಮುಟ್ಟುವ ನೆಲೆಬಿಂದುಗಳು. ನಡುವಿನ ಎರಡು ಬಿಂದುಗಳು ನೆಲೆಬಿಂದುಗಳಿಂದ ಚಾಚುವ ಹಿಡಿಕೆಗಳಾದ ಹ್ಯಾಂಡಲ್‌ಗಳ ತುದಿಗಳಾಗಿದ್ದು, ರೇಖೆಯನ್ನು ತಮ್ಮತ್ತ ಎಳೆಯುತ್ತವೆಯೇ ಹೊರತು ಸಾಮಾನ್ಯವಾಗಿ ಅದರ ಮೇಲೆ ಇರುವುದಿಲ್ಲ. ಕಾಸ್ತೆಲ್ಜೊ ತೋರಿಸಿದ ವಿಧಾನವು ಶಾಲೆಯ ಗಣಿತ ಬಲ್ಲವರಿಗೂ ಎಟುಕುವಷ್ಟು ಸರಳವಾಗಿದೆ. ನಾಲ್ಕು ಬಿಂದುಗಳು ಕ್ರಮವಾಗಿ (0,0), (0,40), (40,80), (80,80) ಆಗಿದ್ದರೆ, ಅಕ್ಕಪಕ್ಕದ ಜೋಡಿಗಳ ನಡುಬಿಂದುಗಳು (0,20), (20,60), (60,80) ಎಂದಾಗುತ್ತವೆ. ಆ ಮೂರರ ನಡುಬಿಂದುಗಳು (10,40) ಮತ್ತು (40,70). ಇವೆರಡರ ನಡುವೆ ಸಿಗುವ (25,55) ಎಂಬ ಬಿಂದು ನಿಶ್ಚಯವಾಗಿ ರೇಖೆಯ ಮೇಲಿರುತ್ತದೆ. ಅರ್ಧದ ಬದಲು ಬೇರೆ ಬೇರೆ ಪ್ರಮಾಣಗಳನ್ನು ಹಿಡಿದು ಇದೇ ಲೆಕ್ಕವನ್ನು ಮರುಕಳಿಸುತ್ತ ಹೋದರೆ ರೇಖೆಯ ಉಳಿದ ಬಿಂದುಗಳೂ ಒಂದೊಂದಾಗಿ ದೊರೆಯುತ್ತವೆ. ಪರದೆಯ ಮೇಲೆ ಹ್ಯಾಂಡಲ್ ಎಳೆದೊಡನೆ ಗೆರೆ ಬಾಗುವುದರ ಹಿಂದೆ ನಡೆಯುವುದು ಇಂಥದೇ ಲೆಕ್ಕ.

ಹೊಸಬರು ಎಡವುವುದು ಇಲ್ಲಿಯೇ: ಬಿಂದುಗಳು ಹೆಚ್ಚಿದಷ್ಟೂ ಗೆರೆ ನಿಖರವಾಗುತ್ತದೆಂದು ನಂಬಿ, ಅಂಚಿನುದ್ದಕ್ಕೂ ಹತ್ತಿರ ಹತ್ತಿರ ಕ್ಲಿಕ್ ಮಾಡುತ್ತ ಹೋಗುತ್ತಾರೆ. ಪ್ರತಿಯೊಂದು ಹೆಚ್ಚುವರಿ ಬಿಂದುವೂ ಕೈಯ ಸಣ್ಣ ತಪ್ಪೊಂದನ್ನು ರೇಖೆಯೊಳಗೆ ಸೇರಿಸುವುದರಿಂದ, ಕಲ್ಲು ಮತ್ತು ಗಾರೆಯಲ್ಲಿ ನುಣುಪಾಗಿ ಹರಿದಿರುವ ಕಮಾನು ಪರದೆಯ ಮೇಲೆ ಅದುರಿದಂತೆ ಕಾಣುತ್ತದೆ. ಮೊನೆಯುಳ್ಳ ಕಮಾನೊಂದನ್ನು ನೇರ ಎದುರಿನಿಂದ ತೆಗೆದ ಚಿತ್ರದಲ್ಲಿ, ಅದು ಎರಡು ಸರಳ ಚಾಪಗಳಿಂದ ಕೂಡಿದ್ದರೆ, ಮೂರು ನೆಲೆಬಿಂದುಗಳು ಸಾಕು: ಬಾಗು ಆರಂಭವಾಗುವ ಎಡಬಲಗಳಲ್ಲಿ ಒಂದೊಂದು, ಮೊನೆಯಲ್ಲಿ ಒಂದು. ಎಡಬಲದ ಬಿಂದುಗಳಲ್ಲಿ ಹ್ಯಾಂಡಲ್ ನೆಟ್ಟಗೆ ಮೇಲಕ್ಕೆ ನಿಲ್ಲಬೇಕು. ಮೊನೆಯಲ್ಲಿ ರೇಖೆಯ ದಿಕ್ಕು ಥಟ್ಟನೆ ಬದಲಾಗುವುದರಿಂದ ಎರಡು ಹ್ಯಾಂಡಲ್‌ಗಳನ್ನು ಬೇರ್ಪಡಿಸಿ ಅದನ್ನು ಮೂಲೆಬಿಂದುವಾಗಿಸಬೇಕು. ಆಕಾರವನ್ನು ಅರಿತವರು ಬಿಂದುವನ್ನಿಡುವುದು ಬಾಗಿನ ಸ್ವಭಾವ ಬದಲಾಗುವ ಕಡೆಗಳಲ್ಲಿ, ಮತ್ತು ರೇಖೆ ಅತ್ಯಂತ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಲುಪುವ ತುದಿಗಳಲ್ಲಿ.

ಬೆಜಿಯೆ ರೇಖೆಯಿಂದ ನಿಜವಾದ ವೃತ್ತವನ್ನು ಎಂದಿಗೂ ಬಿಡಿಸಲಾಗದು ಎಂಬುದು ಕುತೂಹಲದ ಸಂಗತಿ. ಕಾಲು ವೃತ್ತಕ್ಕೆ ಒಂದು ತುಂಡಿನಂತೆ ನಾಲ್ಕು ತುಂಡುಗಳನ್ನು ಜೋಡಿಸಿ, ಹ್ಯಾಂಡಲ್‌ನ ಉದ್ದವನ್ನು ತ್ರಿಜ್ಯದ 0.5523 ಪಾಲಿನಷ್ಟು ಇಟ್ಟರೆ ಉಳಿಯುವ ದೋಷವು ತ್ರಿಜ್ಯದ ಶೇ. 0.03ಕ್ಕಿಂತ ಕಡಿಮೆ, ಅಂದರೆ ಸಾವಿರ ಪಿಕ್ಸೆಲ್ ತ್ರಿಜ್ಯದ ವೃತ್ತದಲ್ಲಿಯೂ ಅದು ಪಿಕ್ಸೆಲ್‌ನ ಮೂರನೆಯ ಒಂದು ಭಾಗವನ್ನು ಮುಟ್ಟುವುದಿಲ್ಲ. ಕಣ್ಣಿಗೆ ಕಾಣುವಷ್ಟು ತಪ್ಪು ಬರುವುದು ಬೇರೆ ಕಡೆಯಿಂದ. ಅಗಲ ನೋಟದ ಮಸೂರವು ಚಿತ್ರದ ಅಂಚಿನಲ್ಲಿರುವ ನೆಟ್ಟನೆಯ ಕಂಬವನ್ನೂ ಹೊರಕ್ಕೆ ಉಬ್ಬಿಸಿ ತೋರಿಸುತ್ತದೆ. ಓರೆಯಾಗಿ ನಿಂತು ತೆಗೆದ ಚಿತ್ರದಲ್ಲಿ ಕಮಾನಿನ ದೂರದ ಅರ್ಧ ಕುಗ್ಗಿರುತ್ತದೆ. ಈ ದೋಷಗಳನ್ನು ತಿದ್ದಿದ ಮೇಲೆಯೇ ರೇಖೆಗೆ ಕೈಹಾಕಬೇಕು. ಇಲ್ಲವಾದರೆ ಎಷ್ಟೇ ಶ್ರದ್ಧೆಯಿಂದ ಎಳೆದರೂ ಅದು ಕಟ್ಟಡದ ರೇಖೆಯಾಗದೆ ಮಸೂರದ ರೇಖೆಯಾಗಿ ಉಳಿಯುತ್ತದೆ.

ಕನ್ನಡ ಲಿಪಿಯ ಮಟ್ಟಿಗೆ ಈ ವಿದ್ಯೆ ದಿನನಿತ್ಯದ ಅಗತ್ಯ. ಕಂಪ್ಯೂಟರಿನ ಫಾಂಟ್‌ನಲ್ಲಿ ಪ್ರತಿ ಅಕ್ಷರವೂ ಇಂತಹ ಬಾಹ್ಯರೇಖೆಯಾಗಿಯೇ ಇದ್ದು, ಪೋಸ್ಟ್‌ಸ್ಕ್ರಿಪ್ಟ್ ಮಾದರಿಯವು ನಾಲ್ಕು ಬಿಂದುಗಳ ತುಂಡುಗಳನ್ನೂ ಟ್ರೂಟೈಪ್ ಮಾದರಿಯವು ಮೂರು ಬಿಂದುಗಳ ತುಂಡುಗಳನ್ನೂ ಬಳಸುತ್ತವೆ. ಕನ್ನಡದ ಅಕ್ಷರಗಳು ಬಹುಪಾಲು ದುಂಡಾಗಿರುವುದರಿಂದ ಬಿಂದುವೊಂದು ತಪ್ಪಿದರೂ ದೋಷ ಎದ್ದು ಕಾಣುತ್ತದೆ. ಸೊನ್ನೆಯನ್ನೇ ತೆಗೆದುಕೊಂಡರೆ, ಅದು ಹೊರಗಿನದೊಂದು, ಒಳಗಿನದೊಂದು ಎಂದು ಎರಡು ಮುಚ್ಚಿದ ರೇಖೆಗಳಿಂದಾಗಿದ್ದು, ಎರಡೂ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಸುತ್ತಿದಾಗ ಮಾತ್ರ ನಡುವಿನ ಜಾಗ ಬರಿದಾಗಿ ಉಳಿಯುತ್ತದೆ. ಒಂದೇ ದಿಕ್ಕಿನಲ್ಲಿ ಸುತ್ತಿದರೆ ಸೊನ್ನೆ ಕಪ್ಪು ಬೊಟ್ಟಾಗಿಬಿಡುವ ಸಂಭವವಿದೆ. ವಾಹನಗಳ ಮೇಲೆ ಹೆಸರು ಅಂಟಿಸುವ ರೇಡಿಯಂ ಅಂಗಡಿಗಳಲ್ಲಿ ಇದರ ಪರೀಕ್ಷೆ ಅಲಗಿನ ಮೂಲಕವೇ ನಡೆಯುತ್ತದೆ: ಸ್ಟಿಕ್ಕರ್ ಕತ್ತರಿಸುವ ಯಂತ್ರವು ಬಣ್ಣವನ್ನು ನೋಡದೆ ರೇಖೆಯನ್ನಷ್ಟೇ ಹಿಂಬಾಲಿಸುವುದರಿಂದ, ಫೋಟೊದಿಂದ ತಾನೇ ಗೆರೆ ಹುಡುಕುವ ಆಟೊ ಟ್ರೇಸ್ ಸೌಲಭ್ಯವು ಉದುರಿಸಿದ ಅನಗತ್ಯ ಬಿಂದುಗಳೆಲ್ಲ ಅಂಚಿನ ತರಚುಗಳಾಗಿ ಉಳಿಯುತ್ತವೆ.

ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಕಮಲಾಪುರದ ಕೆಂಪು ಬಾಳೆಯ ಚಿತ್ರವನ್ನು ಪೊಟ್ಟಣದ ಮೇಲೆ ಮುದ್ರಿಸಲು ಹಿನ್ನೆಲೆಯಿಂದ ಬಿಡಿಸುವಾಗ ಬೇರೊಂದು ವಿವೇಕ ಬೇಕಾಗುತ್ತದೆ. ಹಣ್ಣಿನ ನುಣುಪಾದ ಬೆನ್ನಿಗೆ ಕೆಲವೇ ಬಿಂದುಗಳು ಸಾಲುತ್ತವೆ. ರೇಖೆಯನ್ನು ಬೂದು ಪಟ್ಟಿಯ ಹೊರಗಲ್ಲ, ಪಿಕ್ಸೆಲ್‌ನಷ್ಟು ಒಳಗೇ ಎಳೆದರೆ ಹಿನ್ನೆಲೆಯ ಬಣ್ಣ ಅಂಚಿಗೆ ಅಂಟಿಕೊಂಡು ಬರುವುದಿಲ್ಲ. ಆದರೆ ಪಕ್ಕದಲ್ಲಿಯೇ ಎಳೆಎಳೆಯಾಗಿ ಸೀಳಿದ ಬಾಳೆಲೆ ಇದ್ದರೆ ಅದಕ್ಕೆ ವೆಕ್ಟರ್ ರೇಖೆ ತಕ್ಕ ಸಾಧನವಲ್ಲ. ಅಲ್ಲಿ ಅರೆಪಾರದರ್ಶಕತೆಯನ್ನು ಹಿಡಿಯಬಲ್ಲ ಪಿಕ್ಸೆಲ್ ಮಾಸ್ಕ್ ಬಳಸಬೇಕು.

ಈ ವಿವೇಕವು ಅತ್ಯಂತ ಮುಖ್ಯವಾಗುವುದು ಶಾಸನಗಳ ವಿಷಯದಲ್ಲಿ. ಭೀಮಾ ತೀರದ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ಅಶೋಕನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಹೊತ್ತಿರುವ ಶಿಲ್ಪಫಲಕವು ದೊರೆತಿದೆ. ಇಂತಹ ಕಲ್ಲಿನ ಅಕ್ಷರಗಳನ್ನು ಛಾಯಾಚಿತ್ರದಿಂದ ವೆಕ್ಟರ್ ರೇಖೆಯಾಗಿ ಬಿಡಿಸುವಾಗ ಚಿತ್ರದಲ್ಲಿ ಕಾಣುವುದು ಉಳಿಯ ಗೀರಿಗಿಂತ ಹೆಚ್ಚಾಗಿ ಅದರ ನೆರಳು. ಬೆಳಕು ಎಡದಿಂದ ಬಿದ್ದಾಗ ಒಂದು ಅಂಚು ಮೂಡಿದರೆ, ಬಲದಿಂದ ಬಿದ್ದಾಗ ಮತ್ತೊಂದು ಮೂಡುತ್ತದೆ. ಆದುದರಿಂದ ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ತೆಗೆದ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ, ಎಲ್ಲದರಲ್ಲಿಯೂ ಒಪ್ಪುವ ಅಂಚನ್ನು ಒಂದು ಪಾತ್ (ಹೆಸರಿಟ್ಟು ಉಳಿಸುವ ವೆಕ್ಟರ್ ರೇಖೆ) ಆಗಿಯೂ, ಸವೆದು ಊಹೆಯಿಂದ ಮಾತ್ರ ತುಂಬಬೇಕಾದ ಭಾಗಗಳನ್ನು ಬೇರೆ ಹೆಸರಿನ ಮತ್ತೊಂದು ಪಾತ್ ಆಗಿಯೂ ಉಳಿಸುವುದು ಒಳ್ಳೆಯದು. ಎರಡನ್ನೂ ಒಂದೇ ರೇಖೆಯಲ್ಲಿ ಬೆಸೆದರೆ, ಮುಂದೆ ಆ ಕಡತವನ್ನು ತೆರೆಯುವ ವಿದ್ವಾಂಸರಿಗೆ ಕಲ್ಲಿನಲ್ಲಿ ಕಂಡದ್ದು ಯಾವುದು, ಎಳೆದವರು ಸೇರಿಸಿದ್ದು ಯಾವುದು ಎಂದು ಬೇರ್ಪಡಿಸುವ ದಾರಿಯೇ ಇರುವುದಿಲ್ಲ.