ಹಳೆಯ ಕಿಟಕಿಯ ಹಸಿರುಮನೆ

ಗಾಜಿನ ಮನೆಯೆಂದೊಡನೆ ಬೆಂಗಳೂರಿಗರ ಕಣ್ಣೆದುರು ನಿಲ್ಲುವುದು 1889ರಲ್ಲಿ ಅಡಿಗಲ್ಲು ಕಂಡ ಲಾಲ್‌ಬಾಗಿನ ಭವ್ಯ ಮಂದಿರ. ಅದರ ಬಡ ತಮ್ಮನೊಬ್ಬನನ್ನು ತೀರ್ಥಹಳ್ಳಿಯ ಹಿತ್ತಲಿನಲ್ಲಿಯೂ ನಿಲ್ಲಿಸಬಹುದು. ಉದ್ದೇಶ ಮಾತ್ರ ಬೇರೆ. ಯುರೋಪಿನವರು ಹಸಿರುಮನೆ ಕಟ್ಟಿದ್ದು ಗಿಡಗಳನ್ನು ಚಳಿಯಿಂದ ಕಾಯಲು. ಇಲ್ಲಿ ಕಾಯಬೇಕಾದುದು ಮಳೆಯಿಂದ. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಆಷಾಢದಲ್ಲಿ ಮೆಣಸಿನ ಸಸಿ ಬುಡ ಕೊಳೆತು ಮಲಗುವುದನ್ನು ಮಲೆನಾಡಿನ ಯಾವ ಗೃಹಿಣಿ ಕಂಡಿಲ್ಲ?

ಸಾಮಗ್ರಿಗಾಗಿ ಅಂಗಡಿಗೆ ಅಲೆಯಬೇಕಾಗಿಲ್ಲ. ಹೆಂಚಿನ ಮನೆ ಕೆಡವಿ ತಾರಸಿ ಹಾಕುವ ಈ ಕಾಲದಲ್ಲಿ ಗಾಜಿನ ಕಿಟಕಿಗಳೂ, ಬೆಳಕಿಗೆಂದು ಮಾಡಿನಲ್ಲಿ ಕೂರಿಸಿದ್ದ ಗಾಜಿನ ಹೆಂಚುಗಳೂ ಮೂಲೆಯಲ್ಲಿ ಅನಾಥವಾಗಿ ಬಿದ್ದಿರುತ್ತವೆ. ಸತ್ತ ಅಡಕೆಮರವನ್ನು ಸೀಳಿದರೆ ದಬ್ಬೆ ಸಿದ್ಧ. ಹೆಂಚು ಸಾಲದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆಯೂ ನಡೆದೀತು. ಕಂಬಗಳನ್ನು ಕಲ್ಲಿನ ಮೇಲೆ ನಿಲ್ಲಿಸಬೇಕು. ಮಣ್ಣಿಗೆ ತಾಗಿದರೆ ಗೆದ್ದಲಿಗೆ ಔತಣ. ಮಳೆ ಬೀಸಿ ಹೊಡೆಯುವ ಪಡುವಣಕ್ಕೆ ಕಿಟಕಿಗಳನ್ನು ಜೋಡಿಸಿದರೆ, ಮೂಡಣಕ್ಕೆ ಬರಿಯ ದಬ್ಬೆಯ ತಡಿಕೆ ಸಾಕು.

ಮುಖ್ಯವಾದುದು ನೆತ್ತಿ. ಅಲ್ಲಿ ಗೇಣಗಲ ಸಂದಿ ಬಿಟ್ಟು, ಅದರ ಮೇಲೆ ಪುಟ್ಟದೊಂದು ಮಾಡನ್ನು ಎತ್ತರಿಸಿ ಹೊದಿಸಬೇಕು. ಒಳಗೆ ಕಾದ ಗಾಳಿ ಮೇಲೇರಿ ಆ ದಾರಿಯಿಂದ ಹೊರಬೀಳುತ್ತದೆ. ಅದನ್ನು ಮುಚ್ಚಿದಿರೋ, ಏಪ್ರಿಲಿನ ಬಿಸಿಲಿಗೆ ಸಸಿಗಳು ಬೆಂದ ಸೊಪ್ಪಾಗುತ್ತವೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ.

ಬುಡದ ಕಲ್ಲುಸಂದಿಗೆ ಕರೆಯದ ಅತಿಥಿಗಳೂ ಬರುವುದುಂಟು: ಹುಳು ಹಿಡಿಯುವ ಹಾವುರಾಣಿ, ಇಲಿಯ ಬೆನ್ನು ಹತ್ತಿದ ಕೇರೆ. ಬರಲಿ, ಬಿಡಿ. ಆದರೆ ವಿಷದ ಹಾವೂ ಬಂದೀತು. ದೀಪ ಹಿಡಿದು ನೋಡದೆ ಕುಂಡದ ಹಿಂದೆ ಕೈಹಾಕಬಾರದು. ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕುವ ಹುಡುಗರ ಆಸೆಗಂತೂ ಎಡೆಗೊಡಲಾಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ.

ನಿಜ ಹೇಳುವುದಾದರೆ, ಬಿದ್ದುದನ್ನು ಬಳಸಿ ಮನೆ ಕಟ್ಟುವ ವಿದ್ಯೆಯಲ್ಲಿ ನಮ್ಮೆಲ್ಲರ ಗುರು ಆಗುಂಬೆಯ ಕಾಡಿನಲ್ಲಿಯೇ ಇದೆ. ಅದು ಕಾಳಿಂಗ ಸರ್ಪ. ಮುಂಗಾರಿಗೆ ಮುನ್ನ ಹೆಣ್ಣು ಸರ್ಪ ಮೈಯ ಸುರುಳಿಯಿಂದ ತರಗೆಲೆಗಳನ್ನು ಎಳೆದು ಗುಡ್ಡೆಹಾಕಿ, ನಡುವೆ ಮೊಟ್ಟೆಯಿಡುತ್ತದೆ. ಒತ್ತೊತ್ತಾದ ಎಲೆಗಳ ಮೇಲೆ ಮಳೆನೀರು ಜಾರಿಹೋಗುತ್ತದೆ. ಒಳಗೆ ಹದವಾದ ಬಿಸುಪು. ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಈ ಸರ್ಪದ ಬದುಕು ಲೋಕಕ್ಕೆ ಹೆಚ್ಚು ತಿಳಿಯಿತು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಳಿಂಗವನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ, ನಮ್ಮ ‘ಕಾಳಿಂಗ’ ಎಂಬ ಹೆಸರನ್ನೇ ಶಾಸ್ತ್ರೀಯ ನಾಮದಲ್ಲಿ ಸೇರಿಸಿದರು.

ಬೇಸಗೆಯಲ್ಲಿ ದರಗು ಗುಡಿಸಲು ಹೋದವರಿಗೆ ಅಂಥ ಎಲೆಗುಡ್ಡೆ ಕಂಡರೆ, ಕೋಲಿನಿಂದ ಕೆದಕದೆ ದೂರ ಸರಿದು ಅರಣ್ಯ ಇಲಾಖೆಗೆ ತಿಳಿಸುವುದು ಕ್ಷೇಮ. ತಾಯಿ ಇನ್ನೂ ಅದರ ಮೇಲೆಯೇ ಕಾವಲಿರಬಹುದು.